ಇನ್ನೂ ಸ್ವಲ್ಪ ಇಳಿದ ಮೇಲೆ ಬನ್ನಿ

ಆಹಾರ ಸೇವನೆಯ ಕಾಯಿಲೆಗಳ ಚಿಕಿತ್ಸಾ ವಿಭಾಗದ ನಿರ್ದೇಶಕರಿಗೆ

ಮಾನ್ಯರೇ,

ಈ ಪತ್ರದ ಮೊದಲ ಕರಡಿನಲ್ಲಿ ಒಂದು ಸಂಗತಿಯನ್ನು ಬಿಟ್ಟಿದ್ದೆ. ಅದಿಲ್ಲದೆಯೂ ಪತ್ರ ಚೆನ್ನಾಗಿಯೇ ಇತ್ತು. ನಿಮ್ಮ ವಿಭಾಗ ತಪ್ಪು ಮಾಡಿತ್ತು, ನಾನು ನೊಂದ ತಾಯಿಯಾಗಿದ್ದೆ, ಅಷ್ಟೇ. ಓದಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ಆದ್ದರಿಂದ ಬಿಟ್ಟದ್ದನ್ನೇ ಮೊದಲು ಹೇಳಿಬಿಡುತ್ತೇನೆ. ಊಟ ಬಿಟ್ಟು ಬಿಟ್ಟು ಸೊರಗಿದ್ದ ನನ್ನ ಮಗಳು ಒಂದು ಬೆಳಿಗ್ಗೆ ತಾನಾಗಿ ತಟ್ಟೆಗೆ ಕೈ ಚಾಚಿದಾಗ, ಆ ತಟ್ಟೆಯನ್ನು ಅವಳ ಮುಂದಿನಿಂದ ನಾನೇ ಎತ್ತಿಟ್ಟೆ. ಅವಳ ತೂಕ ಇನ್ನಷ್ಟು ಇಳಿಯಲಿ ಎಂದು. ಇಳಿದರೆ ನೀವು ಅವಳನ್ನು ಸೇರಿಸಿಕೊಳ್ಳುತ್ತೀರಿ ಎಂದು.

ಇನ್ನು ನನ್ನ ದೂರು. ನಿಮ್ಮ ವಿಭಾಗಕ್ಕೆ ಸೇರಬೇಕಾದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ನೀವು ಎಳೆದಿರುವ ಒಂದು ಗೆರೆಗಿಂತ ಕೆಳಗಿರಬೇಕು. ಕೆಳಗಿದ್ದವರು ರೋಗಿಗಳು, ಮೇಲಿದ್ದವರು ಆರೋಗ್ಯವಂತರು. ಸೇರಿದವರು ಚಿಕಿತ್ಸೆಯಿಂದಾಗಿ ಗೆರೆ ದಾಟಿ ಮೇಲೆ ಬಂದರೆ ಅವರ ಹೆಸರು ತೆಗೆಯುತ್ತೀರಿ. ಬರುವ ಮಂಗಳವಾರ ನನ್ನ ಮಗಳನ್ನು ತೂಕಕ್ಕೆ ನಿಲ್ಲಿಸುತ್ತೀರಿ. ಅವಳು ಈಗ ತಿನ್ನುತ್ತಿದ್ದಾಳೆ. ಪ್ರತಿ ತುತ್ತಿಗೂ ತನ್ನೊಳಗೆ ಯಾರೊಂದಿಗೋ ಜಗಳವಾಡಿ ತಿನ್ನುತ್ತಿದ್ದಾಳೆ. ಗೆರೆಯ ಹತ್ತಿರ ಬಂದಿದ್ದಾಳೆ. ದಾಟಿದ್ದರೆ ಅವತ್ತೇ ಅವಳ ಚಿಕಿತ್ಸೆ ನಿಲ್ಲುತ್ತದೆ. ತಿಂದದ್ದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಶಿಕ್ಷೆಯನ್ನು ಅವಳ ಕಾಯಿಲೆಯೂ ಯೋಚಿಸಿರಲಿಕ್ಕಿಲ್ಲ.

ಆ ಗೆರೆಯ ಅಂಕಿಯನ್ನು ನಾನಿಲ್ಲಿ ಬರೆಯುವುದಿಲ್ಲ. ಇದನ್ನು ಓದುವ ಯಾರದೋ ಮಗಳು, ಯಾರದೋ ಮಗ, ಅದನ್ನು ಗುರಿ ಮಾಡಿಕೊಂಡಾರು. ನಿಮ್ಮ ವಿಭಾಗದ ಗೋಡೆಯ ಮೇಲೆ ಅದು ದೊಡ್ಡ ಅಕ್ಷರದಲ್ಲಿದೆ ಎನ್ನುವುದನ್ನು ಮಾತ್ರ ನೆನಪಿಸುತ್ತೇನೆ.

ಗೆರೆಗಳ ಬಗ್ಗೆ ಮಾತಾಡುವ ಯೋಗ್ಯತೆ ನನಗೆಷ್ಟಿದೆ ಎಂದು ನೀವು ಕೇಳಬಹುದು. ನಾನು ಒಂದು ಕಾಲೇಜಿನ ಪ್ರವೇಶ ವಿಭಾಗದಲ್ಲಿ ಕೆಲಸ ಮಾಡುವವಳು. ಕಟ್‌ಆಫ್ ಎನ್ನುವುದು ನನ್ನ ಅನ್ನ. ಕಿಟಕಿಯ ಆಚೆ ನಿಂತ ತಂದೆತಾಯಿಗಳಿಗೆ ‘ಅರ್ಧ ಅಂಕ ಕಡಿಮೆ ಬಿತ್ತು, ಏನೂ ಮಾಡೋಕಾಗಲ್ಲ’ ಎಂದು ಮುಖ ನೋಡದೆ ಹೇಳುವುದನ್ನು ಕಲಿತಿದ್ದೇನೆ. ಹಾಗಾಗಿ ಮೊದಲ ಸಲ ನಿಮ್ಮಲ್ಲಿಗೆ ಬಂದಾಗ ನಿಮ್ಮ ಸಿಬ್ಬಂದಿ ಆಡಿದ ಮಾತಿನ ಧಾಟಿ ನನಗೆ ಚೆನ್ನಾಗಿ ಗೊತ್ತಿತ್ತು. ಅದು ನನ್ನದೇ ಧಾಟಿ.

ಮಗಳಿಗೆ ಆಗ ಹದಿನಾರು. ಚಿಕ್ಕಂದಿನಿಂದ ದುಂಡಗಿದ್ದ ಹುಡುಗಿ. ಅಜ್ಜಿ, ಅಂದರೆ ನನ್ನ ಅತ್ತೆ, ಅವಳನ್ನು ಗುಂಡು ಎಂದೇ ಕರೆಯುತ್ತಿದ್ದರು. ಅವಳು ಇಳಿಯತೊಡಗಿದಾಗ ಮನೆಯಲ್ಲಿ ಯಾರಿಗೂ ಗಾಬರಿಯಾಗಲಿಲ್ಲ, ಸಂತೋಷವಾಯಿತು. ಕಚೇರಿಯಲ್ಲಿ ಪಕ್ಕದ ಮೇಜಿನವಳು ‘ಮಗಳು ಎಷ್ಟು ಚೆಂದ ಸಣ್ಣ ಆಗಿದಾಳೆ, ಏನ್ರೀ ಗುಟ್ಟು?’ ಎಂದು ಕೇಳಿದಾಗ ನಾನು ಉಬ್ಬಿಹೋಗಿದ್ದೆ. ಹೊಸ ಬಟ್ಟೆ ಕೊಡಿಸಿದೆ. ಅಳತೆ ಚಿಕ್ಕದಾದಷ್ಟೂ ನನ್ನ ಕೈ ದೊಡ್ಡದಾಯಿತು. ಅವಳು ಊಟದ ಹೊತ್ತಿಗೆ ಸ್ನೇಹಿತರ ಮನೆಗೆ ಹೋಗತೊಡಗಿದ್ದು, ದಪ್ಪ ಸ್ವೆಟರನ್ನು ಮನೆಯೊಳಗೂ ಬಿಚ್ಚದೆ ಇದ್ದದ್ದು, ಅಡುಗೆಯ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡುತ್ತಾ ಏನನ್ನೂ ತಿನ್ನದೆ ಮಲಗುತ್ತಿದ್ದದ್ದು, ಇವೆಲ್ಲ ಕಣ್ಣಿಗೆ ಬಿದ್ದವು, ತಲೆಗೆ ಹೋಗಲಿಲ್ಲ. ಶಾಲೆಯ ಮೆಟ್ಟಿಲ ಮೇಲೆ ತಲೆ ತಿರುಗಿ ಕುಸಿದಳು ಎಂದು ಫೋನ್ ಬಂದಾಗಲೇ ಹೋದದ್ದು.

ನಿಮ್ಮ ವಿಭಾಗದಲ್ಲಿ ಅವಳ ನಾಡಿ ನೋಡಿದವರು ಇನ್ನೊಮ್ಮೆ ನೋಡಿದರು, ಅಷ್ಟು ನಿಧಾನವಾಗಿತ್ತು. ಮುಟ್ಟು ನಿಂತು ತಿಂಗಳುಗಳಾಗಿದ್ದವು. ಆಮೇಲೆ ತಕ್ಕಡಿ. ದಪ್ಪಗಿದ್ದವಳು ಎಷ್ಟು ಇಳಿದರೂ ಗೆರೆಗಿಂತ ಮೇಲೆಯೇ ಇದ್ದಳು.

‘ತೂಕ ನಾರ್ಮಲ್ ಇದೆ ಮೇಡಂ,’ ಎಂದರು ಕಿಟಕಿಯಲ್ಲಿದ್ದವರು.

‘ನಾಡಿ ನಾರ್ಮಲ್ ಇಲ್ಲವಲ್ಲ?’

‘ಅದಕ್ಕೆ ಬೇರೆ ಡಾಕ್ಟರಿಗೆ ಬರ್ಕೊಡ್ತೀವಿ. ನಮ್ಮಲ್ಲಿ ತಗೋಬೇಕು ಅಂದ್ರೆ ಇನ್ನೂ ಸ್ವಲ್ಪ ಇಳಿದ ಮೇಲೆ ಬನ್ನಿ.’

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಹೆಣ್ಣುಮಗಳು ಕುಡಿಯಲು ನೀರನ್ನೂ ಕೊಟ್ಟಳು. ಹೊರಗೆ ಬಂದ ಮೇಲೆ ಮಗಳು ನಕ್ಕಳು. ‘ನೋಡಿದ್ಯಾಮ್ಮ, ಕಾಯಿಲೆಲೂ ನಾನು ಫೇಲು. ನಿನ್ನ ಕಾಲೇಜಾಗಿದ್ರೆ ಜಾಸ್ತಿ ಬಂದಿರೋದಕ್ಕೆ ಸೀಟು ಕೊಡ್ತಿದ್ರಿ.’ ತಮಾಷೆ ಎಂದುಕೊಂಡು ನಾನೂ ನಕ್ಕೆ. ಅವಳು ಆ ಗೋಡೆಯನ್ನು ಓದಿಕೊಂಡು ಬಂದಿದ್ದಳೆಂದು ನನಗೆ ತಿಳಿಯಲಿಲ್ಲ. ಅಂದಿನಿಂದ ಅವಳಿಗೆ ಇಳಿಯುವುದಕ್ಕೆ ಒಂದು ಗುರಿ ಸಿಕ್ಕಿತು, ಅದೂ ಸರ್ಕಾರಿ ಮೊಹರು ಇದ್ದ ಗುರಿ.

ಆ ವಾರಗಳಲ್ಲಿ ನಾನು ಓದಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವಳು, ಏನೇ ಕಷ್ಟ ಬಂದರೂ ಮೊದಲು ಓದುವುದು ನನ್ನ ಚಟ. ಓದಿದ್ದನ್ನು ಸಂಜೆ ಅತ್ತೆಗೆ ಮನೆಮಾತಿನಲ್ಲಿ ಹೇಳಬೇಕಾದಾಗ, ನನಗೇ ಎಷ್ಟು ಅರ್ಥವಾಗಿದೆ ಎನ್ನುವುದು ಗೊತ್ತಾಗುತ್ತಿತ್ತು.

‘ಹಠ ಕಣೇ ಇದು,’ ಎನ್ನುತ್ತಿದ್ದರು ಅತ್ತೆ. ‘ನಿನ್ನ ಗಂಡನಿಗೂ ಇತ್ತು. ಎರಡು ಬಿಟ್ಟ ಮೇಲೆ ತೆಪ್ಪಗೆ ತಿಂದ.’

‘ಹಠ ಅಲ್ಲ ಅತ್ತೆ. ಉಪವಾಸ ಬಿದ್ದೂ ಬಿದ್ದೂ ಮೆದುಳೇ ಹಾಗಾಗತ್ತಂತೆ. ಬೇರೇನೂ ಯೋಚನೆ ಮಾಡೋಕೆ ಬಿಡಲ್ವಂತೆ.’

‘ಮತ್ತೆ ಮನೇಲಿ ಎಲ್ಲರೂ ಒಂದೇ ಅನ್ನ ತಿಂತೀವಿ. ಅವಳಿಗೊಬ್ಬಳಿಗೇ ಯಾಕೆ?’

ಆ ಪ್ರಶ್ನೆಗೂ ಈಗ ಅರ್ಧ ಉತ್ತರವಿದೆ. ಇದು ಬರೀ ಕನ್ನಡಿಯ ಮುಂದೆ ಹುಟ್ಟುವ ಕಾಯಿಲೆಯಲ್ಲ, ವಂಶವಾಹಿಗಳಲ್ಲೂ ಇದರ ಬೇರಿದೆ, ಮನಸ್ಸಿನ ಜೊತೆಗೆ ದೇಹವು ಆಹಾರವನ್ನು ಬಳಸಿಕೊಳ್ಳುವ ರೀತಿಯೂ ಇದರಲ್ಲಿ ಸೇರಿದೆ ಎಂದು ಸಂಶೋಧಕರು ಹೇಳುತ್ತಿದ್ದಾರೆ. ತಾಯಂದಿರೇ ಇದಕ್ಕೆ ಕಾರಣ ಎಂದು ಒಂದು ಕಾಲದಲ್ಲಿ ಬರೆಯುತ್ತಿದ್ದರಂತೆ, ಈಗ ಹಾಗೆ ಬರೆಯುವುದಿಲ್ಲ. ಹದಿಹರೆಯದವರ ವಿಷಯದಲ್ಲಂತೂ ತಂದೆತಾಯಿಯನ್ನು ದೂರವಿಡದೆ, ಊಟದ ಹೊಣೆಯನ್ನೇ ಕೆಲವು ಕಾಲ ಅವರ ಕೈಗೆ ಕೊಟ್ಟು, ಬೆನ್ನಿಗೆ ಚಿಕಿತ್ಸಕರು ನಿಲ್ಲುವ ಪದ್ಧತಿಗೆ ಒಳ್ಳೆಯ ಪುರಾವೆ ಇದೆ. ಎಲ್ಲರಿಗೂ ಅದು ಫಲಿಸುವುದಿಲ್ಲ, ಅದನ್ನೂ ಪ್ರಾಮಾಣಿಕವಾಗಿ ಬರೆದಿದ್ದಾರೆ. ಬೇಗ ಶುರುವಾದಷ್ಟೂ ಒಳ್ಳೆಯದು ಎನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ. ಮತ್ತೆ, ನಿರ್ದೇಶಕರೇ, ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕಾದ ಒಂದು ವಿಷಯ: ದಪ್ಪಗಿದ್ದು ವೇಗವಾಗಿ ಇಳಿದವರ ತೂಕ ನೋಡುವವರ ಕಣ್ಣಿಗೆ ಸರಿಯಾಗಿದ್ದಾಗಲೂ, ಅವರ ಹೃದಯ ಮತ್ತು ರಕ್ತ ತೀರಾ ಸಣಕಲಾದವರಷ್ಟೇ ಅಪಾಯದಲ್ಲಿರಬಹುದು. ತೂಕವೊಂದನ್ನೇ ನೋಡಿ ಚಿಕಿತ್ಸೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಬೇಡಿ ಎಂಬ ಸಲಹೆ ವೈದ್ಯರ ಮಾರ್ಗಸೂಚಿಗಳಲ್ಲೇ ಬಂದಾಗಿದೆ. ನಿಮ್ಮ ಗೋಡೆಗೆ ಇನ್ನೂ ಬಂದಿಲ್ಲ. ಗೋಡೆಗೆ ಸುಣ್ಣ ಬಳಿಯುವ ಕಾಲಕ್ಕೆ ಬರುವುದೋ ಏನೋ.

ಇಷ್ಟೆಲ್ಲ ಓದಿದವಳು ನಾನು. ಓದಿಯೂ ಮಾಡಿದೆ.

ಎರಡನೆಯ ಸಲ ನಿಮ್ಮಲ್ಲಿಗೆ ಬರುವ ಬೆಳಿಗ್ಗೆ ಮನೆಯ ತಕ್ಕಡಿ ಅವಳನ್ನು ಗೆರೆಯ ಮೇಲೆಯೇ ತೋರಿಸುತ್ತಿತ್ತು, ಒಂದು ಕೂದಲೆಳೆ ಅತ್ತಿತ್ತ. ಅತ್ತೆ ಬ್ರೆಡ್ಡು, ಬೆಣ್ಣೆ, ಒಂದು ಲೋಟ ಹಾಲು ಇಟ್ಟಿದ್ದರು. ದಿನವೂ ಇಡುತ್ತಿದ್ದರು, ದಿನವೂ ಅದು ಹಾಗೇ ಒಳಗೆ ಹೋಗುತ್ತಿತ್ತು. ಅವತ್ತು ಯಾಕೋ ಅವಳು ಕುಳಿತಳು. ಬ್ರೆಡ್ಡಿನ ಅಂಚು ಮುರಿದಳು. ಅತ್ತೆ ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಬೀಗದ ಕೈ ಹುಡುಕುತ್ತಿದ್ದವಳು ತಿರುಗಿ ನೋಡಿದೆ. ಆ ಕ್ಷಣ ನನ್ನ ತಲೆಯಲ್ಲಿ ಇದ್ದದ್ದು ನನ್ನ ಕಿಟಕಿ, ಅದರ ಆಚೆ ಅರ್ಧ ಅಂಕಕ್ಕೆ ಅಳುತ್ತಿದ್ದ ತಂದೆತಾಯಿಗಳು.

‘ಇವತ್ತು ಬೇಡ,’ ಎಂದೆ. ‘ಬಂದ ಮೇಲೆ ತಿನ್ನು. ನೀರೂ ಕುಡೀಬೇಡ.’

ತಟ್ಟೆಯನ್ನು ಎತ್ತಿ ಒಳಗಿಟ್ಟೆ. ಅವಳು ಮುರಿದ ಚೂರು ಇನ್ನೂ ಅವಳ ಬೆರಳಲ್ಲಿತ್ತು.

‘ನೀನೇ ಹೇಳ್ತಿದೀಯಾ ಇದನ್ನ?’ ಎಂದಳು. ಕೋಪವಿರಲಿಲ್ಲ. ಗೆಲುವಿನಂಥದ್ದೇನೋ ಇತ್ತು, ಅದು ನನಗೆ ಇನ್ನೂ ಕಷ್ಟ. ಆ ಚೂರನ್ನು ಮೇಜಿನ ಮೇಲೆ ಇಟ್ಟು ಚಪ್ಪಲಿ ಹಾಕಿಕೊಂಡಳು.

ನಿಮ್ಮ ತಕ್ಕಡಿ ಅವಳನ್ನು ಗೆರೆಯ ಕೆಳಗೆ ತೋರಿಸಿತು. ನಾನು ಕಾರಿಡಾರಿನಿಂದ ಗಂಡನಿಗೆ ಫೋನ್ ಮಾಡಿ ‘ಸಿಕ್ಕಿತು’ ಎಂದೆ. ಸೀಟು ಸಿಕ್ಕವರು ಹೇಳುವಂತೆ. ಅವರು ‘ಸದ್ಯ’ ಎಂದರು. ಮಗಳು ಇನ್ನೂ ಕೃಶಳಾಗಿದ್ದಾಳೆ ಎಂದು ಸಮಾಧಾನಪಟ್ಟ ತಂದೆತಾಯಿ ನಾವು.

ಚಿಕಿತ್ಸೆ ಚೆನ್ನಾಗಿಯೇ ನಡೆಯಿತು, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಆಪ್ತಸಮಾಲೋಚಕಿ ಬಹಳ ತಾಳ್ಮೆಯವರು. ಮೊದಲ ಭೇಟಿಯಲ್ಲೇ ನಮ್ಮೆಲ್ಲರನ್ನೂ ಕೂರಿಸಿಕೊಂಡು, ‘ಇಲ್ಲಿ ಯಾರ ತಪ್ಪೂ ಇಲ್ಲ. ಮೊದಲು ಆ ಮಾತು ಮುಗಿಸೋಣ,’ ಎಂದರು. ಮಗಳು ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಸಂಶೋಧನೆ ನನ್ನನ್ನು ಎಲ್ಲ ತಪ್ಪಿನಿಂದ ಬಿಡಿಸಿತ್ತು, ಈ ಒಂದನ್ನು ಬಿಟ್ಟು. ಇದರ ಬಗ್ಗೆ ಯಾರೂ ಸಂಶೋಧನೆ ಮಾಡಿರಲಿಲ್ಲ.

ಆಮೇಲೆ ಮನೆಯಲ್ಲಿ ಊಟ ಮಾಡಿಸುವುದು ನನ್ನ ಪಾಲಿಗೆ ಬಂತು. ತಟ್ಟೆ ಇಟ್ಟಾಗಲೆಲ್ಲ ಅವಳ ಹತ್ತಿರ ಒಂದೇ ಉತ್ತರ: ‘ಅವತ್ತು ನೀನೇ ಎತ್ತಿಟ್ಟೆಯಲ್ಲ. ಬೇಕಾದಾಗ ಬೇಡ, ಬೇಡದಾಗ ಬೇಕಾ?’ ಅವಳ ಬಾಯಲ್ಲಿ ಕಾಯಿಲೆ ಮಾತಾಡುತ್ತಿದೆ ಎಂದು ಸಮಾಲೋಚಕಿ ಹೇಳಿಕೊಟ್ಟಿದ್ದರು. ಆದರೆ ಆ ಮಾತನ್ನು ಕಾಯಿಲೆಗೆ ಕಲಿಸಿಕೊಟ್ಟವಳು ನಾನು. ತಿಂಗಳುಗಟ್ಟಲೆ ನಾನು ಅವಳ ಪಕ್ಕ ಕುಳಿತೆ. ಒಮ್ಮೆ ಒಂದು ಬಟ್ಟಲು ಸೂಪಿಗೆ ಇಡೀ ಮಧ್ಯಾಹ್ನ ಹೋಯಿತು. ಅಜ್ಜಿ ಗುಂಡು ಎನ್ನುವುದನ್ನು ಬಿಟ್ಟಿದ್ದರು, ಬೇರೇನೆಂದು ಕರೆಯಬೇಕೋ ತೋಚದೆ ‘ಏ ಇವಳೇ’ ಎನ್ನುತ್ತಿದ್ದರು. ಕಳೆದ ತಿಂಗಳು ಅವಳು ಅನ್ನ ಕಲಸುತ್ತಾ, ‘ಹೆಸರಿಲ್ವಾ ಅಜ್ಜಿ ನಂಗೆ?’ ಎಂದಳು. ‘ಇದೆ ಕಣೇ, ಉದ್ದ ಇದೆ, ಕರೆಯೋ ಹೊತ್ತಿಗೆ ನೀನು ಎದ್ದು ಹೋಗಿರ್ತಿದ್ದೆ,’ ಎಂದರು ಅತ್ತೆ. ಅವತ್ತು ಅವಳು ಎದ್ದು ಹೋಗಲಿಲ್ಲ.

ಈಗ ಆ ಎದ್ದು ಹೋಗದ ಹುಡುಗಿಯನ್ನೇ ನೀವು ಎಬ್ಬಿಸಿ ಕಳಿಸಲು ಹೊರಟಿದ್ದೀರಿ. ಕಳೆದ ವಾರ ಅವಳು ಕೇಳಿದಳು: ‘ಮಂಗಳವಾರ ದಾಟಿಬಿಟ್ರೆ ಇವರು ಬಿಟ್ಬಿಡ್ತಾರೆ ಅಲ್ವಾ? ಈ ವಾರ ಸ್ವಲ್ಪ ಕಡಿಮೆ ತಿನ್ಲಾ?’ ನಾನು ಬೇಡ ಎಂದೆ. ಎನ್ನುವ ಮೊದಲು ಒಂದು ಗಳಿಗೆ ತಡೆದೆ. ಆ ಗಳಿಗೆಯಲ್ಲಿ ನಾನು ಲೆಕ್ಕ ಹಾಕುತ್ತಿದ್ದೆ. ಈ ಪತ್ರ ಹುಟ್ಟಿದ್ದು ಅಲ್ಲಿ.

ನನ್ನ ತಪ್ಪಿನ ಅರ್ಧವನ್ನು ನಿಮ್ಮ ಹೆಗಲಿಗೆ ದಾಟಿಸಲು ಬರೆಯುತ್ತಿದ್ದೇನೆಯೇ? ಇರಬಹುದು. ಹಾಗೆಂದು ದೂರು ಸುಳ್ಳಾಗುವುದಿಲ್ಲ. ಹಾಸಿಗೆ ಕಡಿಮೆ, ಬರುವವರು ಹೆಚ್ಚು, ಗೆರೆ ಇಲ್ಲದೆ ಹೇಗೆ ಆರಿಸುವುದು ಎನ್ನುತ್ತೀರಿ. ನಾನೂ ಪ್ರತಿ ವರ್ಷ ಅದನ್ನೇ ಹೇಳುತ್ತೇನೆ. ಆದರೆ ನನ್ನ ಗೆರೆ ತಲುಪಲು ಮಕ್ಕಳು ಹೆಚ್ಚು ಓದುತ್ತಾರೆ. ನಿಮ್ಮ ಗೆರೆ ತಲುಪಲು ಅವರು ಏನು ಮಾಡಬೇಕು ಎಂದು ಎಂದಾದರೂ ಯೋಚಿಸಿದ್ದೀರಾ? ರೋಗ ಉಲ್ಬಣಿಸಲಿ ಎಂದು ಮನೆಯವರೇ ಹರಸುವ ಹಾಗೆ ಮಾಡುವ ಆಸ್ಪತ್ರೆಗೆ ಯಾವ ಹೆಸರಿಡಬೇಕು?

ಮಗಳು ಈ ಪತ್ರವನ್ನು ಓದಿದ್ದಾಳೆ. ‘ಅಂಕಿ ಬರೀಬೇಡ, ಹೆಸರು ಬರೀಬೇಡ, ಅಳಿಸೋ ಥರ ಬರೀಬೇಡ’ ಎಂದಳು. ತಟ್ಟೆಯ ವಿಷಯ ಮೊದಲ ಕರಡಿನಲ್ಲಿ ಇಲ್ಲದ್ದನ್ನು ಕಂಡು ಹಾಳೆಯನ್ನು ವಾಪಸ್ ಕೊಟ್ಟಳು. ಅದಕ್ಕೇ ಎರಡನೆಯ ಕರಡು.

ನನ್ನ ಬೇಡಿಕೆ ಇಷ್ಟೇ. ಗೋಡೆಯ ಮೇಲಿನ ಅಂಕಿಯನ್ನು ಅಳಿಸಿ. ನಾಡಿ, ರಕ್ತ, ಎಷ್ಟು ಬೇಗ ಎಷ್ಟು ಇಳಿದರು ಎನ್ನುವುದು, ಊಟದ ಮುಂದೆ ಕುಳಿತಾಗ ಅವರ ಮನಸ್ಸು ಪಡುವ ಪಾಡು, ಇವನ್ನೆಲ್ಲ ನೋಡಿ ಸೇರಿಸಿಕೊಳ್ಳಿ. ಸೇರಿದವರು ತಿಂದು ಮೇಲೆ ಬಂದರೆಂಬ ಕಾರಣಕ್ಕೆ ಕೈಬಿಡಬೇಡಿ. ತೂಕ ಮನಸ್ಸಿಗಿಂತ ಬೇಗ ಸುಧಾರಿಸುತ್ತದೆ ಎನ್ನುವುದು ನಿಮ್ಮ ಸಮಾಲೋಚಕಿಯೇ ಹೇಳಿದ ಮಾತು. ಮಂಗಳವಾರ ನನ್ನ ಮಗಳು ತಿಂಡಿ ತಿಂದು, ನೀರು ಕುಡಿದು ಬರುತ್ತಾಳೆ. ತಕ್ಕಡಿ ಏನೇ ಹೇಳಲಿ, ಅವಳ ಹೆಸರು ಉಳಿಯಬೇಕು.

ತಕ್ಕಡಿ ನಮ್ಮ ಪರವಾಗಿ ಹೇಳಿಬಿಟ್ಟರೆ ಈ ಪತ್ರವನ್ನು ಹರಿದುಹಾಕಿ ಸುಮ್ಮನಾಗುವವಳು ನಾನು. ನನ್ನನ್ನು ನಾನು ಅಷ್ಟು ಬಲ್ಲೆ. ಹಾಗಾಗಿ ಮಂಗಳವಾರದವರೆಗೆ ಇದನ್ನು ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದು ಪ್ರತಿ ನಿಮಗೆ, ಒಂದು ಪತ್ರಿಕೆಗೆ.

ಇಂತಿ,
ನಿಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ
ಒಬ್ಬ ತಾಯಿ

ನಿಮ್ಮ ಕಚೇರಿಗೆ ಕೈಯಾರೆ ತಲುಪಿಸುವ ದಿನ: ಸೋಮವಾರ, ಮಾರ್ಚ್ ಹದಿನೇಳು