ಗೋಡೆ ಹತ್ತುವುದು

ಅವ್ವಾ,

ನೀನು ಹೋಗಿ ಆರು ವರ್ಷವಾದ ಮೇಲೆ ನಿನ್ನ ಕಾಯಿಲೆ ನನಗೂ ಬಂತು, ಅದೇ ಎಡಗಡೆ. ಎದೆಯ ಗಡ್ಡೆಯ ಆಪರೇಷನ್ ಆಗಿ ಐದು ವಾರವಾಯಿತು, ಎಡಗೈ ಸರಿಯಾಗಿ ಮೇಲೇಳುವುದಿಲ್ಲ. ನಿನ್ನೆ ನಾಗಸಂದ್ರದ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ರಕ್ಷಿತಾ, "ದಿನಾ ಗೋಡೆ ಹತ್ತಬೇಕು ಅಕ್ಕ. ಬೆರಳನ್ನ ಮೆಲ್ಲಗೆ ಮೇಲಕ್ಕೆ ನಡೆಸ್ತಾ ಹೋಗಿ. ಎಲ್ಲಿವರೆಗೂ ಕೈ ಹೋಗುತ್ತೋ ಅಲ್ಲೊಂದು ಪೆನ್ಸಿಲ್ ಗೆರೆ ಹಾಕಿ. ನಾಳೆ ಅದನ್ನ ದಾಟಿದ್ರೆ ನಿಮಗೇ ಧೈರ್ಯ ಬರುತ್ತೆ" ಅಂದಳು.

ಅವಳ ಮುಖ ನೋಡಲಾಗಲಿಲ್ಲ.

"ಇವತ್ತು ಗ್ವಾಡೆ ಎಲ್ಡು ಬೆಳ್ಳು ಜಾಸ್ತಿ ಅತ್ತಿವ್ನಿ ಕಣಮ್ಮಿ" ಎಂದು ನಿನ್ನ ಆಪರೇಷನ್ ಆದ ಮೇಲೆ ಅನ್ನುತ್ತಿದ್ದೆಯಲ್ಲ, ಔಷಧಿಯ ಮಂಪರಿನಲ್ಲಿ ಬಡಬಡಿಸುತ್ತೀಯ ಅಂದುಕೊಂಡಿದ್ದೆ. ಆಸ್ಪತ್ರೆಗೆ ನಿನ್ನ ಜೊತೆ ಬರುತ್ತಿದ್ದವಳು ಚಿಕ್ಕಮ್ಮ. ನನಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಶಿಫ್ಟ್ ಇರುತ್ತಿತ್ತು. ಗೌರಿ ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸುವಾಗ ಗೋಡೆಯ ಮೇಲೆ ನಿನ್ನ ಪೆನ್ಸಿಲ್ ಗೆರೆಗಳನ್ನು ಕಂಡು, "ಚಿಕ್ಕ ಮಗು ತರ ಗೀಚಿಟ್ಟಿದ್ದೀಯಲ್ಲ" ಎಂದು ಬೈದು, ಆ ಗೆರೆಗಳ ಮೇಲೆ ಎರಡು ಸಲ ಬಳಿಸಿದೆ. ಬಣ್ಣ ಒಣಗಿದ ಮೇಲೂ ನೀನು ಆ ಗೋಡೆಯ ಹತ್ತಿರ ಹೋಗಲಿಲ್ಲ. ಆಮೇಲೆ ಕೈ ಮೇಲೇಳದೆ ತುರುಬು ಕಟ್ಟುವುದಕ್ಕೂ ನನ್ನನ್ನೇ ಕರೆಯುತ್ತಿದ್ದೆ. ನಾನು ಗೊಣಗುತ್ತಲೇ ಕಟ್ಟುತ್ತಿದ್ದೆ.

ಇವತ್ತು ಬೆಳಿಗ್ಗೆ ಅದೇ ಗೋಡೆಗೆ ಮುಖಮಾಡಿ ನಿಂತೆ. ಬೆರಳು ಭುಜದ ಮಟ್ಟ ದಾಟುತ್ತಿದ್ದಂತೆ ಬಣ್ಣದಡಿಯಲ್ಲಿ ಸಣ್ಣದೊಂದು ಗೀರು ತಾಗಿತು. ಅದರ ಮೇಲೆ ಇನ್ನೊಂದು. ಅಷ್ಟು ಒತ್ತಿ ಎಳೆದಿದ್ದೀಯ. ನೋವಿಗೆ ಹಲ್ಲು ಕಚ್ಚಿಕೊಂಡು ಒಂದೊಂದನ್ನೇ ಮುಟ್ಟುತ್ತಾ ಹೋದೆ. ಒಂಬತ್ತನೆಯ ಗೀರಿನಿಂದಾಚೆಗೆ ಗೋಡೆ ನುಣ್ಣಗಿತ್ತು.

ಕೈ ಇನ್ನೂ ಮೇಲಕ್ಕೆ ಹೋಗುತ್ತಿತ್ತು ಅವ್ವಾ. ನಾನು ಅಲ್ಲೇ ನಿಲ್ಲಿಸಿದೆ.