ಐವತ್ತು ಸೆಕೆಂಡಿನ ಶಿಳ್ಳೆ

14 ಜೂನ್ 1979, ಗುರುವಾರ. ಬೆಳಿಗ್ಗೆ 7.50

ಇವತ್ತೂ ಮುಳ್ಳು ಇಳಿಯಲಿಲ್ಲ. ಹ್ಯಾಮ್ ರೇಡಿಯೋ ಸೆಟ್ಟಿನ ಪ್ಲೇಟ್ ನಾಬ್ ತಿರುಗಿಸಿದೆ, ಲೋಡ್ ತಿರುಗಿಸಿದೆ, ಮತ್ತೆ ಪ್ಲೇಟ್. ಮೀಟರಿನ ಮುಳ್ಳು ಒಂದು ಕಡೆ ತಟ್ಟನೆ ಕೆಳಗಿಳಿಯಬೇಕು — ಆಗ ಸೆಟ್ಟಿಗೂ ಆಂಟೆನಾಕ್ಕೂ ಹೊಂದಿತು ಎಂದು. ಮೂರು ದಿನದಿಂದ ಹೊಂದುತ್ತಿಲ್ಲ. ಗಾಳಿಗೆ ತಾರಸಿಯ ಮೇಲಿನ ತಂತಿಗೆ ಏನೋ ಆಗಿದೆ. ಹತ್ತಿ ನೋಡಲು ಪುರುಸೊತ್ತಿಲ್ಲ. ಕುಕ್ಕರ್ ಬೇರೆ ಕೂಗುತ್ತಿತ್ತು.

ಇವರು ಶೇವ್ ಮಾಡಿಕೊಳ್ಳುತ್ತಾ, “ಜಯಾ, ಇಷ್ಟು ಹೊತ್ತು ಕಿವಿ ಹಿಂಡಿದ್ರೆ ನಾನೇ ಮಾತು ಕೇಳ್ತಿದ್ದೆ” ಎಂದರು. ನಕ್ಕೆ. ಆಫೀಸಿಗೆ ಹತ್ತು ನಿಮಿಷ ಲೇಟಾಗುತ್ತದೆ.

16 ಜೂನ್, ಶನಿವಾರ. ಬೆಳಿಗ್ಗೆ 9.15

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಏಳಕ್ಕೆ ಐದು ನಿಮಿಷವಿತ್ತು. ದಿನವೂ ಏಳಕ್ಕೆ ಸಂಜೀವಯ್ಯ ಸಾರ್ ಬನಶಂಕರಿಯಿಂದ ರೇಡಿಯೋದಲ್ಲಿ ನಮ್ಮ ಹ್ಯಾಮ್‌ಗಳೆಲ್ಲರ ಹಾಜರಿ ಕರೆಯುವುದು. ಅಷ್ಟರೊಳಗೆ ಟ್ಯೂನ್ ಮಾಡಿಬಿಡೋಣ ಎಂದು ಕೂತೆ. ಕಿವಿಗೊಟ್ಟೆ. ಪಕ್ಕದ ಮನೆಯ ಮಿಕ್ಸಿಯ ಗೊರಗೊರ ಬಿಟ್ಟರೆ ಏನೂ ಇಲ್ಲ. “ಇಲ್ಲಿ ಯಾರಾದರೂ ಇದ್ದೀರಾ” ಎಂದು ಕೇಳಿಯೇ ಟ್ಯೂನಿಂಗ್ ಕೀ ಒತ್ತಬೇಕು. ಸಂಜೀವಯ್ಯ ಸಾರ್ ನನಗೆ ಕಲಿಸಿದ ಮೊದಲ ಪಾಠ. ಕೇಳಲಿಲ್ಲ. ಒತ್ತಿದೆ.

ಹತ್ತು ಸೆಕೆಂಡ್ ಮೀರಬಾರದು. ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಎಂದು ಹಿಡಿದೇ ಇದ್ದೆ. ಗೋಡೆ ಗಡಿಯಾರದಲ್ಲಿ ಐವತ್ತು ಸೆಕೆಂಡ್. ಒತ್ತಿರುವಷ್ಟು ಹೊತ್ತು ನನಗೆ ಯಾರ ದನಿಯೂ ಕೇಳಿಸದು. ಉಳಿದವರಿಗೆ ನನ್ನದೊಂದೇ ಕೇಳಿಸುತ್ತದೆ — ಉದ್ದ ಶಿಳ್ಳೆ.

ಬಿಟ್ಟ ಕೂಡಲೇ ಸಂಜೀವಯ್ಯ ಸಾರ್: “ಯಾವನಯ್ಯಾ ಅದು ಶಿಳ್ಳೆ ಹೊಡ್ದೋನು! ಕುಂದಾಪುರ, ಎಗೈನ್ ಪ್ಲೀಸ್… ಕುಂದಾಪುರ…”

ಕುಂದಾಪುರ ಬರಲಿಲ್ಲ.

ಅಲ್ಲಿ ಮಳೆಗೆ ನಾಲ್ಕು ದಿನದಿಂದ ಫೋನಿನ ಟ್ರಂಕ್ ಲೈನ್ ಸತ್ತಿದೆ. ಅಲ್ಲಿಯ ಡಾಕ್ಟರು ಲಾರಿ ಬ್ಯಾಟರಿಯ ಮೇಲೆ ತಮ್ಮ ಸೆಟ್ ನಡೆಸುತ್ತಿದ್ದಾರೆ. ಅವರ ಪೇಷಂಟ್ ಒಬ್ಬಾಕೆಗೆ ಸೀರಿಯಸ್. ಮಗ ಬೆಂಗಳೂರಿನಲ್ಲಿ, ಕೂಡಲೇ ಹೊರಡಬೇಕು. ಅವನ ಫೋನ್ ನಂಬರ್ ಹೇಳುತ್ತಿದ್ದರಂತೆ. ಕೊನೆಯ ಎರಡು ಅಂಕಿ ಶಿಳ್ಳೆಯ ಕೆಳಗೆ ಹೋದವು. ಮತ್ತೆ ಹೇಳಿದ್ದೂ ಹೋಯಿತು. ಅಷ್ಟಕ್ಕೆ ಬ್ಯಾಟರಿಯೂ ಮುಗಿಯಿತು. ಅವರ ಸಣ್ಣ ದನಿ ನನಗೆ ಮಿಕ್ಸಿಯ ಸದ್ದಿನಲ್ಲಿ ಕೇಳಿಸಿರಲಿಲ್ಲ. ಆದರೆ ಒತ್ತುವ ಮೊದಲು ನಾನು ಒಂದು ಮಾತು ಕೇಳಿದ್ದರೆ ಸಂಜೀವಯ್ಯ ಸಾರ್ ತಡೆಯುತ್ತಿದ್ದರು. ಒಂದೇ ಮಾತು.

ಟ್ಯೂನಿಂಗ್ ಶಿಳ್ಳೆಗೆ ಹೆಸರಿರುವುದಿಲ್ಲ. ಯಾರದೆಂದು ಗೊತ್ತಾಗದು. ಒತ್ತಿದ್ದನ್ನೆಲ್ಲ ಬರೆದಿಡಬೇಕಾದ ಲಾಗ್ ಬುಕ್ಕಿನಲ್ಲಿ ಬರೆದಿಲ್ಲ. ಇಲ್ಲಿ ಬರೆದೆ.

17 ಜೂನ್, ಭಾನುವಾರ

ಎರಡು ಅಂಕಿ ಬದಲಿಸಿ ಬದಲಿಸಿ ಸಂಜೀವಯ್ಯ ಸಾರ್ ನಿನ್ನೆ ದಿನವಿಡೀ ಫೋನ್ ತಿರುಗಿಸಿದ್ದಾರೆ. ಮಗ ಸಿಕ್ಕಾಗ ರಾತ್ರಿ ಬಸ್ ಹೋಗಿಯಾಗಿತ್ತು. ಇವತ್ತು ಬೆಳಿಗ್ಗೆ ಹೊರಟಿದ್ದಾನೆ.

ಹಾಜರಿ ಮುಗಿದ ಮೇಲೆ ಯಾರೋ, “ಶಿಳ್ಳೆ ಜರಗನಹಳ್ಳಿ ಫ್ಯಾಕ್ಟರಿದೇ ಇರ್ಬೇಕು” ಎಂದರು. ಜರಗನಹಳ್ಳಿಯ ಉಗ್ರಪ್ಪನವರ ಮೇಲೆ ತಮಾಷೆ. ಕಾರ್ಖಾನೆಯಲ್ಲಿ ಟರ್ನರ್ ಕೆಲಸ ಅವರದು. ಗುಜರಿಯಿಂದ ಸಾಮಾನು ತಂದು ಎಣ್ಣೆ ಡಬ್ಬದೊಳಗೆ ಸ್ವಂತ ಸೆಟ್ ಕಟ್ಟಿದ್ದಾರೆ.

“ನಂದಲ್ಲ ಸಾರ್. ನಾನು ಬರೀ ಕೇಳ್ತಾ ಕೂತಿದ್ದೆ.”

“ಜೇಬಿಗೆ ಕೈ ಹಾಕೋನೂ ಬರೀ ನಿಂತಿದ್ದೆ ಅಂತಾನೇ ಹೇಳೋದು ಕಣಯ್ಯಾ,” ಸಂಜೀವಯ್ಯ ಸಾರ್.

ಎಲ್ಲರೂ ನಕ್ಕರು. ಮೈಕ್ ನನ್ನ ಕೈಯಲ್ಲಿತ್ತು. ಒತ್ತಲಿಲ್ಲ.

20 ಜೂನ್, ಬುಧವಾರ

ಮಗ ತಲುಪಿದಾಗ ತಾಯಿಗೆ ಅವನ ಗುರುತು ಸಿಗಲಿಲ್ಲವಂತೆ. ಶನಿವಾರವಿಡೀ ಅವನ ಹೆಸರು ಹೇಳುತ್ತಿದ್ದರಂತೆ. ಜೀವ ಇದೆ.

ಸಂಜೆ ಸಂಜೀವಯ್ಯ ಸಾರ್ ಸ್ಕೂಟರಿನಲ್ಲಿ ಬಂದರು. “ಏನಮ್ಮಾ, ನಮ್ಮ ಒಂದೇ ಒಂದು ಯಂಗ್ ಲೇಡಿ!” — ರೇಡಿಯೋದವರಲ್ಲಿ ಹೆಂಗಸರೆಲ್ಲ ಯಂಗ್ ಲೇಡಿಗಳೇ, ನಲವತ್ನಾಲ್ಕಾದರೂ. ಕಾಫಿ ಮುಗಿದ ಮೇಲೆ ವಿಷಯ ತೆಗೆದರು.

“ಉಗ್ರಪ್ಪನ ಲೈಸೆನ್ಸ್ ಕ್ಯಾನ್ಸಲ್ ಮಾಡಿ ಅಂತ ಕಂಪ್ಲೇಂಟ್ ಕಳಿಸ್ಬೇಕು. ನಿನ್ನ ಇಂಗ್ಲಿಷಲ್ಲಿ ಡ್ರಾಫ್ಟ್ ಮಾಡ್ಕೊಡು. ನಿನ್ನ ಜೆ.ಪಿ. ನಗರದಿಂದ ಅವನ ಮನೆಗೆ ಒಂದೇ ಮೈಲಿ, ಸಾಕ್ಷಿ ಅಂತ ನಿಂದೂ ಒಂದು ಸಹಿ ಇರ್ಲಿ.”

“ಅವರದೇ ಅಂತ ಗ್ಯಾರಂಟಿನಾ ಸಾರ್?”

“ಮತ್ಯಾರದಮ್ಮಾ? ನಿಂದಾ?”

ಜೋರಾಗಿ ನಕ್ಕರು. ನಾನೂ ನಕ್ಕೆ. ಹೇಗೆ ನಕ್ಕೆ?

ಶನಿವಾರದೊಳಗೆ ಕೊಡಬೇಕು.

21 ಜೂನ್, ಗುರುವಾರ

ಡ್ರಾಫ್ಟ್ ಬರೆದೆ. ಚೆನ್ನಾಗಿ ಬಂದಿದೆ, ಅದೇ ನಾಚಿಕೆ. ‘ಕೇರ್‌ಲೆಸ್’ ಎಂದು ಬರೆದು, ಸಾಲದೆನಿಸಿ, ‘ಹ್ಯಾಬಿಚುಯಲ್’, ಅಂದರೆ ಇದೇ ಚಾಳಿ, ಎಂದು ತಿದ್ದಿದೆ. ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಮಾರ್ಜಿನ್ನಿನಲ್ಲಿ ಗುಡ್ ಬರೆಯುತ್ತಿದ್ದರು. ಸಹಿಯ ಜಾಗ ಖಾಲಿ ಇದೆ.

ಇವರಿಗೆ ಎಲ್ಲವನ್ನೂ ಹೇಳಿದೆ.

“ಐವತ್ತು ಸೆಕೆಂಡಿಗೆ ಇಷ್ಟೊಂದಾ?” ಪೇಪರ್ ಮಡಿಸಿದರು. “ಹೇಳಿಬಿಟ್ರೆ ಲೈಸೆನ್ಸ್ ಹೋಗುತ್ತಾ?”

“ಹೇಳದಿದ್ರೂ ಹೋಗುತ್ತೆ ರೀ. ಇನ್ನೊಬ್ಬರದು.”

ಪೇಪರ್ ಮತ್ತೆ ಬಿಚ್ಚಿದರು.

ಒಪ್ಪಿಕೊಳ್ಳಲು ಹೆದರಿಕೆಯೇ, ಅಥವಾ ಅಂಥವಳಲ್ಲ ಎಂದು ನನ್ನ ಬಗ್ಗೆ ನಾನೇ ಅಂದುಕೊಂಡಿದ್ದೇನಲ್ಲ, ಅದನ್ನು ಬಿಡಲಾರೆನೇ? ಮೂರು ಸಲ ತಾರಸಿಗೆ ಹೋದೆ. ಸುಮ್ಮನೆ.

22 ಜೂನ್, ಶುಕ್ರವಾರ. ಸಂಜೆ 6

ಉಗ್ರಪ್ಪನವರು ಸೈಕಲ್ಲಿನಲ್ಲಿ ಬಂದಿದ್ದರು. ಕರೆಯದೆಯೇ. “ನಿಮ್ಮ ತಂತಿ ನೋಡೋಣ ಅಂತ ಬಂದೆ ಮೇಡಂ.” ತಾರಸಿ ಹತ್ತಿ, ತಂತಿಗೂ ಕೇಬಲ್ಲಿಗೂ ಇರುವ ಬೆಸುಗೆ ತೋರಿಸಿದರು. ಹಸಿರು ಕಿಲುಬು.

“ಇದಕ್ಕೇ ಮುಳ್ಳು ಇಳೀತಿರ್ಲಿಲ್ಲ. ಎಷ್ಟೊತ್ತು ಒತ್ತಿದ್ರೂ ಅಷ್ಟೇಯ.”

ಮುಳ್ಳಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ.

ಬೆಸುಗೆ ಹಾಕಿದರು. ಕೆಳಗೆ ಬಂದು ಚೀಲದಿಂದ ಒಂದು ಹಲಗೆ ತೆಗೆದರು. ಅದರ ಮೇಲೆ ಹೋಲ್ಡರ್, ನೂರು ವಾಟಿನ ಬಲ್ಬು, ಎರಡು ತುಂಡು ವೈರು.

“ಟ್ಯೂನ್ ಮಾಡೋವಾಗ ಆಂಟೆನಾ ಬಿಚ್ಚಿ ಇದನ್ನ ಸಿಗ್ಸಿ. ಪವರೆಲ್ಲ ಬಲ್ಬಲ್ಲೇ ಉರ್ದೋಗುತ್ತೆ. ಹೊರಗಡೆ ಯಾರಿಗೂ ಶಿಳ್ಳೆ ಕೇಳ್ಸಲ್ಲ.”

“ನಿಮಗೆ ಗೊತ್ತಿತ್ತಾ?”

“ನೀವು ಒತ್ತಿದ್ರೆ ನಮ್ಮನೇಲಿ ಮೀಟರ್ ಮುಳ್ಳು ಆ ತುದೀಗ್ ಹೋಗಿ ಹೊಡೀತದೆ ಮೇಡಂ. ಇನ್ಯಾರು ಒತ್ತಿದ್ರೂ ಹಂಗಾಗಲ್ಲ.”

“ಹೇಳಬಹುದಿತ್ತಲ್ಲ.”

“ನಿಮ್ದು ಫಾರಿನ್ ಸೆಟ್ಟು, ನಂದು ಎಣ್ಣೆ ಡಬ್ಬ. ಯಾರು ನಂಬ್ತಾರೆ?” ನಕ್ಕರು. ಸಿಟ್ಟು ಕಾಣಿಸಲಿಲ್ಲ. ಕಂಡಿದ್ದರೆ ಸುಲಭವಾಗುತ್ತಿತ್ತು.

ಗೇಟಿನಲ್ಲಿ ಸೈಕಲ್ ಸ್ಟ್ಯಾಂಡ್ ಒದ್ದು, “ಲೆಟರ್ ನೀವೇ ಬರೀತಿದ್ದೀರಂತೆ. ನನ್ನ ಲೈಸೆನ್ಸ್ ನಂಬರ್ ಬೇಕಿದ್ರೆ ಹೇಳಿ ಮೇಡಂ. ನಂಗೆ ಬಾಯ್ಪಾಠ” ಎಂದರು.

23 ಜೂನ್, ಶನಿವಾರ. ಬೆಳಿಗ್ಗೆ 6.30

ಲಾಗ್ ಬುಕ್ ತೆಗೆದು 16ನೇ ತಾರೀಖಿನಲ್ಲಿ ಬರೆದೆ: 6.55, ಐವತ್ತು ಸೆಕೆಂಡ್, ಕೇಳದೆ ಒತ್ತಿದ್ದು. ಇಂಕಿನ ಬಣ್ಣ ಬೇರೆ. ಇರಲಿ.

6.50. ಬಲ್ಬಿನ ಮೇಲೆ ಟ್ಯೂನ್ ಮಾಡಿದೆ. ಮುಳ್ಳು ತಟ್ಟನೆ ಇಳಿಯಿತು. ಬಲ್ಬು ಬಚ್ಚಲುಮನೆಯ ದೀಪದ ಹಾಗೆ ಮಂಕಾಗಿ ಉರಿಯಿತು. ಇವರು ಬಾಗಿಲಲ್ಲಿ ನಿಂತು ನೋಡಿದರು. ಕುಕ್ಕರಿನ ಉರಿ ಸಣ್ಣ ಮಾಡಲು ಹೋದರು. ಬಲ್ಬು ಬಿಚ್ಚಿ ಆಂಟೆನಾ ಸಿಕ್ಕಿಸಿದೆ. ಡ್ರಾಫ್ಟ್ ಹಲಗೆಯ ಕೆಳಗಿದೆ, ಸಹಿ ಇಲ್ಲದೆ.

7.00. ಹಾಜರಿ ಶುರು. ಮೈಸೂರು. ತುಮಕೂರು. ಕುಂದಾಪುರ — ಡಾಕ್ಟರ ದನಿ, ಸಣ್ಣಗೆ. ಉಗ್ರಪ್ಪನವರ ಹೆಸರು ಬರಬೇಕಾದಲ್ಲಿ ಬರಲಿಲ್ಲ. ಸಂಜೀವಯ್ಯ ಸಾರ್ ಅದನ್ನು ಬಿಟ್ಟು ಮುಂದೆ ಹೋದರು. ಕೇಳುತ್ತಾ ಕೂತಿರುತ್ತಾರೆ ಅಲ್ಲಿ, ಡಬ್ಬದ ಮುಂದೆ.

“ಜೆ.ಪಿ. ನಗರ, ಗುಡ್ ಮಾರ್ನಿಂಗ್ ಅಮ್ಮಾ. ಗೋ ಅಹೆಡ್.”

ಎಡಗೈಯಲ್ಲಿ ಮೈಕ್. ಬಲಗೈಯಲ್ಲಿ ಇನ್ನೂ ಪೆನ್ನು. ಬರೆಯುತ್ತಿರುವಷ್ಟು ಹೊತ್ತೂ ಮಾತಾಡದೆ ಇರಬಹುದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮತ್ತೆ ಕರೆದರು. ಒತ್ತಿದೆ. ಸಾರ್, ಹೋದ ಶನಿವಾರದ ಶಿಳ್ಳೆ —