ಬಾವಿ ನಮಗೆ ಬಿಟ್ಟರು

೧೧ ಮಾರ್ಚ್ ೧೯೮೩

ಇವತ್ತೂ ಅದೇ. ಬಾವಿಕಟ್ಟೆಯ ಕೆಳಗೆ ನಮ್ಮ ಖಾಲಿ ಕೊಡಗಳು. ಹಗ್ಗ ನಾವು ಮುಟ್ಟುವಂತಿಲ್ಲ. ಮೇಲ್ಕೇರಿಯವರು ಯಾರಾದರೂ ಸೇದಿ ಮೇಲಿನಿಂದ ಹೊಯ್ಯಬೇಕು. ಅಮ್ಮ ಕೂಗುತ್ತಿದ್ದಳು — "ಶಾಮಲಮ್ಮೋರೇ, ಒಂದ್ ಕೊಡ ಹೊಯ್ರಮ್ಮ, ನಿಮ್ ಹೊಟ್ಟೆ ತಣ್ಣಗಿರ್ಲಿ." ಊರ ಗೌಡ ಶ್ರೀರಾಮಪ್ಪನ ಹೆಂಡತಿ ಆಕೆ. ಅರ್ಧ ಕೊಡಕ್ಕೆ ಹೊಯ್ದಳು, ಅರ್ಧ ಅಮ್ಮನ ಕಾಲಿಗೆ. ಅಮ್ಮ ಅದಕ್ಕೂ ಕೈಮುಗಿದಳು. ಥೂ.

ಬಾಲವಾಡಿಯಲ್ಲಿ ಮಕ್ಕಳಿಗೆ ಎಲ್ಲರೂ ಒಂದೇ ಅಂತ ಹೇಳಿಕೊಡುವಾಗ ನಾಲಿಗೆ ಹೊರಳಲಿಲ್ಲ. ಸರ್ಕಾರದ ಬಾವಿಯಲ್ಲಿ ನಾವೇ ಸೇದಲು ಬಿಡಿಸಿ ಅಂತ ನಮ್ಮ ಕಾಲೋನಿ ಸಂಘದಿಂದ ಮುಳಬಾಗಿಲಿನ ತಾಲ್ಲೂಕು ಕಚೇರಿಯಲ್ಲಿ ಕೊಟ್ಟ ಅರ್ಜಿ? ನೋಡೋಣ ಅಂದಿದ್ದಾರೆ. ನೋಡುತ್ತಲೇ ಇದ್ದಾರೆ.

೧೪ ಮಾರ್ಚ್

ಶ್ರೀರಾಮಪ್ಪನ ಮನೆಯ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿವೆ, ಕೊನೆಯ ಪೊರೆ ಬಿಟ್ಟಾಯಿತು. ಇನ್ನು ಗೂಡು ಕಟ್ಟುವವರೆಗೆ ಒಂದೇ ಸಮ ಮೇಯುತ್ತವೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು ನಮ್ಮ ಕಾಲೋನಿ ಹೆಂಗಸರೇ. ಬುಟ್ಟಿ ಹೊಸ್ತಿಲಾಚೆ ಇಡಬೇಕು. ನಾವು ಒಳಗೆ ಕಾಲಿಟ್ಟರೆ ಹುಳು ಸಾಯುತ್ತವಂತೆ. ನಾವು ಕೊಯ್ದ ಸೊಪ್ಪು ತಿಂದರೆ ಏನೂ ಆಗುವುದಿಲ್ಲವಂತೆ!

ಪಕ್ಕದ ಮನೆ ಅಂಜಮ್ಮನಿಗೆ ಹೇಳಿದೆ — ಹಗ್ಗ ಕೈಗೆ ಬರುವವರೆಗೆ ಯಾರೂ ಸೊಪ್ಪು ಕೊಯ್ಯುವುದು ಬೇಡ. "ಹುಳ ಸತ್ರೆ ಪಾಪ ಬರಲ್ವೇನೆ ಭಾರತಿ?" ಅಂದಳು. ರೇಗಿತು. ಬೈದೆ. ರಾಯಲ್ಪಾಡಿನ ಹೆಣ್ಣು, ತೆಲುಗಿನಲ್ಲಿ ಗೊಣಗಿಕೊಂಡು ಕೊನೆಗೆ "ಸರ್ಲೇಮ್ಮ, ಆಗೋದಾಗ್ಲಿ" ಅಂದಳು.

೧೬ ಮಾರ್ಚ್, ಸಂಜೆ

ಮನೆಮನೆಗೂ ಹೇಳಿ ಬಂದಿದ್ದೆವು. ಇವತ್ತು ಸೊಪ್ಪಿಗೆ ಯಾರೂ ಹೋಗಲಿಲ್ಲ. ಯಾರೂ! ಶಾಮಲಮ್ಮ ತಾನೇ ತೋಟಕ್ಕಿಳಿದಳು. ತಂದದ್ದು ಎರಡು ತಟ್ಟೆ ಹುಳುವಿಗೂ ಸಾಲದು. ಶ್ರೀರಾಮಪ್ಪ ಕಾಲೋನಿ ಬಾಯಲ್ಲೇ ನಿಂತು ಕೂಗಿದ — "ಏನಮ್ಮಿ ಟೀಚರು, ಬಾಯಿಲ್ಲದ್ ಹುಳಗಳ ಹೊಟ್ಟೆ ಮೇಲೆ ಹೊಡೀತೀಯಲ್ಲೇ, ಕರುಳಿಲ್ವಾ ನಿಂಗೆ?"

ಹುಳಕ್ಕೆ ಮರುಗುತ್ತಾನೆ. ಹುಳಕ್ಕೆ! "ಹಗ್ಗ ಬಿಡಿ ಗೌಡ್ರೇ, ಈಗ್ಲೇ ಬುಟ್ಟಿ ಎತ್ಕೋತೀವಿ" ಅಂದೆ. ಬಾಯಿಗೆ ಬಂದಂತೆ ಬೈದು ಹೋದ.

೧೭ ಮಾರ್ಚ್

ಹುಳು ಉಳಿದರೆ ಸಾಕೆಂದು ಶ್ರೀರಾಮಪ್ಪ ಒಪ್ಪಿದ. "ಸೇದ್ಕೊಂಡ್ ಸಾಯ್ರಿ, ಬಾವಿ ನಿಮಗೇ ಇರ್ಲಿ" ಅಂದ. ಅಮ್ಮ ಹಗ್ಗ ಹಿಡಿದು ಅತ್ತಳು. ನಾನೂ.

೯ ಏಪ್ರಿಲ್

ಬರೆಯಲು ಮನಸ್ಸಿರಲಿಲ್ಲ. ಆ ದಿನದಿಂದ ಮೇಲ್ಕೇರಿಯ ಒಂದು ಕೊಡವೂ ಬಾವಿಗೆ ಬಂದಿಲ್ಲ. ಮೊದಲು ತೋಟದಿಂದ ಗಾಡಿಯಲ್ಲಿ ನೀರಿನ ಡ್ರಮ್ಮು ತರಿಸಿದರು. ಈಗ ಪಂಚಾಯಿತಿ ಚೇರ್ಮನ್ನರನ್ನು ಹಿಡಿದು ಸರ್ಕಾರದ ಬೋರನ್ನು ತಮ್ಮ ಬೀದಿಗೇ ಹಾಕಿಸಿಕೊಂಡಿದ್ದಾರೆ. ನಾವು ಮುಟ್ಟಿದ ಹಗ್ಗ ಹಿಡಿಯಬೇಕಾದೀತೆಂದು ಇಡೀ ಬಾವಿಯನ್ನೇ ಬಿಟ್ಟರು. ಎಂಥ ಜನ ಇವರು, ಛೀ.

ಅಂಜಮ್ಮನಿಗೆ ಖುಷಿ. "ನಮ್ದೇ ಬಾವಿ ಕಣೇ, ಯಾರ್ ಕಾಟಾನೂ ಇಲ್ಲ. ಇನ್ನೇನ್ ಬೇಕು ನಿಂಗೆ?" ಅಮ್ಮನೂ ಅದನ್ನೇ ಕೇಳಿದಳು. ಮೇಲ್ಕೇರಿಯವರ ಪಕ್ಕ ನಿಂತು ಸೇದಬೇಕಿತ್ತು ಅಂದೆ. ಇಬ್ಬರೂ ನಕ್ಕರು. ಅವರ ಮೇಲೂ ಸಿಟ್ಟು ಬಂತು... ನನ್ನ ಮೇಲೂ.

೧೦ ಏಪ್ರಿಲ್

ಅಮ್ಮ ಬೋರ್ ಮುಂದೆ ಹಾದು ಬರುವಾಗ ಶಾಮಲಮ್ಮ ನಗುನಗುತ್ತಾ ಅಂದಳಂತೆ — "ನಿಮಗ್ ಹೊಯ್ಯೋ ಪೀಡೆ ತಪ್ತು ನೋಡು ಬೈರಮ್ಮ. ಮನೆಗ್ ಹೋಗಿ ಮತ್ತೆ ಸ್ನಾನ ಮಾಡೋದೂ ತಪ್ತು." ಅಮ್ಮ ಮುದ್ದೆ ಮುಟ್ಟಲಿಲ್ಲ. "ಇಷ್ಟ್ ವರ್ಷ ಕೈಮುಗ್ದೆ ಕಣೇ ಅವ್ಳಿಗೆ" ಅಂದಳು. ಅಷ್ಟೇ.

೧೧ ಏಪ್ರಿಲ್, ಬೆಳಿಗ್ಗೆ

ಬೋರ್‌ಗೆ ಹೋಗುತ್ತೇನೆ. ಅದೂ ಸರ್ಕಾರದ್ದು, ನಾವೂ ನೀರು ಹಿಡಿಯಬಹುದು. ದುಡುಕಬೇಡ ಅಂತಾರೆ ಸಂಘದವರು. ಅಂಜಮ್ಮ ಬರುವುದಿಲ್ಲ ಅಂದಳು. ಹೆದರಿಕೆ ಇದೆ. ಹೊಡೆದರೆ ಹೊಡೆಯಲಿ.

ಅಮ್ಮ ಬಾಗಿಲಿಗೆ ಬಂದು ನಿಂತಿದ್ದಾಳೆ. ತಡೆಯಲು ಬಂದಳು ಅಂದುಕೊಂಡೆ. "ಬರ್ದಿದ್ದ್ ಸಾಕು, ಏಳು" ಅನ್ನುತ್ತಿದ್ದಾಳೆ. ಸೊಂಟದ ಮೇಲೆ ಕೊಡ. ನನಗಿಂತ ಮೊದಲೇ ಬೀದಿಗಿಳಿದು ಬೋರ್ ಕಡೆಗೆ —